ಕೀಟೋ ಚಾರ್ಟು ಬೇಡ, ಎರಡನೇ ಸಲದ ಅನ್ನ ಬಿಟ್ಟು ನೋಡೋಣ

ಹೊಟ್ಟೆ ಕರಗಿಸುವ ಚಾರ್ಟುಗಳು ನಮ್ಮೂರ ಫೋನುಗಳಿಗೂ ಬಂದಿವೆ. ‘30 ದಿನದಲ್ಲಿ 10 ಕೆಜಿ’, ‘ಅನ್ನ ರೊಟ್ಟಿ ಬಂದ್, ಶುಗರ್ ಬಂದ್’ ಅಂತ. ಬೆಳಿಗ್ಗೆ ಬೆಣ್ಣೆ ಹಾಕಿದ ಕಾಫಿ, ಮಧ್ಯಾಹ್ನ ಪನೀರ್ ಜೊತೆ ಬ್ರೊಕೊಲಿ, ರಾತ್ರಿ ಬಾದಾಮಿ ಹಿಟ್ಟಿನ ರೊಟ್ಟಿ. ಸಂಡೂರಿನ ಸಂತೆಯಲ್ಲಿ ಬ್ರೊಕೊಲಿ ಕೇಳಿ ನೋಡಿ, ಏನಂತಾರೆ ಗೊತ್ತಾಗುತ್ತದೆ. ಬಾದಾಮಿ ಹಿಟ್ಟು ಕೆಜಿಗೆ ಸಾವಿರ ರೂಪಾಯಿ ದಾಟುತ್ತದೆ. ಟಿಪ್ಪರ್ ಓಡಿಸುವವರು, ಹೊಲದ ಕೂಲಿಯವರು ಅದರ ರೊಟ್ಟಿ ತಟ್ಟಿಸಿಕೊಂಡು ತಿನ್ನುತ್ತಾರೆಯೇ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕಾರ್ಬ್ ಕಡಿಮೆ ಮಾಡಬೇಕು ಎನ್ನುವ ಮಾತು ಸರಿ, ನಮ್ಮ ಊರುಗಳಿಗೆ ಅದು ತುಂಬಾ ಬೇಕಾದ ಮಾತು. ಆದರೆ ಅದನ್ನು ಮಾಡುವ ದಾರಿ ಆ ಚಾರ್ಟಿನಲ್ಲಿ ಇಲ್ಲ. ಮನೆಯವರೆಲ್ಲ ಒಂದೇ ಒಲೆಯ ಮೇಲೆ ಮಾಡಿಕೊಂಡು, ಜಾತ್ರೆ ಮದುವೆ ದಾಟಿ, ಮುಂದಿನ ಯುಗಾದಿಗೂ ತಿನ್ನಲು ಆಗುವಂಥದ್ದನ್ನು ಮಾತ್ರ ಆರಿಸಿಕೊಳ್ಳಬೇಕು.

ಕಾರ್ಬ್ ಎಂದರೆ ಕಾರ್ಬೋಹೈಡ್ರೇಟ್. ಶಾಲೆಯ ಪುಸ್ತಕದಲ್ಲಿ ಪಿಷ್ಟ, ಸಕ್ಕರೆ ಎಂದು ಓದಿದ್ದೆವಲ್ಲ, ಅದೇ. ಅಕ್ಕಿ, ಜೋಳ, ಗೋಧಿ, ರವೆ, ಮಂಡಕ್ಕಿ, ಅವಲಕ್ಕಿ, ಆಲೂಗಡ್ಡೆ, ಸಕ್ಕರೆ, ಬೆಲ್ಲ ಎಲ್ಲದರಲ್ಲೂ ಹೆಚ್ಚಿಗೆ ಇರುವುದು ಇದೇ. ಇದು ವಿಷವೇನಲ್ಲ. ದುಡಿಯುವ ಮೈಗೆ ಸೌದೆ ಇದ್ದ ಹಾಗೆ. ಉರಿಯುವುದಕ್ಕಿಂತ ಹೆಚ್ಚು ಸೌದೆ ಹಾಕಿದರೆ ಉಳಿದದ್ದು ಕೊಬ್ಬಾಗಿ ಹೊಟ್ಟೆಯ ಸುತ್ತ ಕೂರುತ್ತದೆ.

ಸೌದೆ ಯಾಕೆ ಹೆಚ್ಚಾಯಿತು? ನಮ್ಮ ಕಡೆ ಎರಡು ಸಂಗತಿ ಒಟ್ಟಿಗೆ ಆದವು. ಒಂದು, ಕೆಲಸ ಬದಲಾಯಿತು. ಸಂಡೂರಿನ ಗುಡ್ಡಗಳಲ್ಲಿ ಅದಿರನ್ನು ಕೈಯಿಂದಲೇ ಒಡೆದು, ಆರಿಸಿ, ಬುಟ್ಟಿಯಲ್ಲಿ ಹೊತ್ತು ತುಂಬುತ್ತಿದ್ದ ಕಾಲವಿತ್ತು. ಈಗ ಹಿಟಾಚಿ ಅಗೆಯುತ್ತದೆ, ಟಿಪ್ಪರ್ ಹೊರುತ್ತದೆ, ಮನುಷ್ಯ ಸೀಟಿನ ಮೇಲೆ ಕೂರುತ್ತಾನೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಮಿತಿ ಹಾಕಿ ಮತ್ತೆ ಬಿಟ್ಟಿತು. ಕೆಲಸ ಮತ್ತೆ ಶುರುವಾಯಿತು, ಬುಟ್ಟಿ ಮಾತ್ರ ಮತ್ತೆ ಬರಲಿಲ್ಲ. ಹೊಲದಲ್ಲೂ ಹಾಗೇ, ಉಳುಮೆಗೆ ಟ್ರ್ಯಾಕ್ಟರ್, ಕೊಯ್ಲಿಗೆ ಯಂತ್ರ. ನಾಲ್ಕು ಹೆಜ್ಜೆಯ ಕಿರಾಣಿ ಅಂಗಡಿಗೂ ಬೈಕು.

ಎರಡು, ತಟ್ಟೆ ಬದಲಾಯಿತು. ಇದು ಮೂಲದಲ್ಲಿ ಜೋಳದ ಸೀಮೆ. ತುಂಗಭದ್ರಾ ಜಲಾಶಯದ ನೀರು 1953ರಿಂದ ಕಾಲುವೆಗೆ ಹರಿದ ಮೇಲೆ ಕಂಪ್ಲಿ, ಸಿರುಗುಪ್ಪ, ಗಂಗಾವತಿ ಕಡೆ ಭತ್ತ ಹಬ್ಬಿತು. 2013ರಲ್ಲಿ ಅನ್ನಭಾಗ್ಯ ಬಂತು. ಹಬ್ಬಕ್ಕೊಂದು ಸಲ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ಎರಡು ಹೊತ್ತೂ ಅನ್ನವಾಯಿತು. ಅದನ್ನು ಹಗುರವಾಗಿ ಆಡುವವರು ನಾವಲ್ಲ. ಹಸಿವು ಏನೆಂದು ನಮ್ಮ ಅಜ್ಜಿಯರಿಗೆ ಗೊತ್ತು. ಹೊಟ್ಟೆ ತುಂಬಿತು ಎನ್ನುವುದು ದೊಡ್ಡ ಸಂಗತಿಯೇ. ಆದರೆ ರೊಟ್ಟಿ ಕಡಿಮೆಯಾಗಿ ಅನ್ನ ಬರಲಿಲ್ಲ. ರೊಟ್ಟಿ ಅಲ್ಲೇ ಇತ್ತು, ಅದರ ಮೇಲೆ ಅನ್ನ ಬಂದು ಕೂತಿತು. ಮೊದಲು ರೊಟ್ಟಿ, ಆಮೇಲೆ ಅನ್ನ–ಸಾರು, ಆಮೇಲೆ ಅನ್ನ–ಮಜ್ಜಿಗೆ. ಎರಡು ಊಟವನ್ನು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೇವೆ.

ಲೆಕ್ಕ ಹಾಕೋಣ, ಬೇಸರ ಮಾಡಿಕೊಳ್ಳಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಕೋಷ್ಟಕ ಪ್ರಕಟಿಸಿತು. ಅದರ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್, 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ. ಈಗ ನಮ್ಮ ಕಡೆಯ ಒಂದು ದಿನ ತೆಗೆದುಕೊಳ್ಳಿ. 50 ಗ್ರಾಂ ಹಿಟ್ಟಿನ ನಾಲ್ಕು ರೊಟ್ಟಿಗೆ 136 ಗ್ರಾಂ. ಎರಡು ಹೊತ್ತಿನ ಅನ್ನಕ್ಕೆ 200 ಗ್ರಾಂ ಅಕ್ಕಿ ಎಂದರೆ 156. ಬೆಳಿಗ್ಗೆ ಒಂದು ತಟ್ಟೆ ಒಗ್ಗಾಣಿ, ಮಂಡಕ್ಕಿಯದೇ ಸುಮಾರು 40, ಜೊತೆಗಿನ ಮೆಣಸಿನಕಾಯಿ ಬಜ್ಜಿ ಬಿಟ್ಟು. ಐದು ಚಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, 50 ಗ್ರಾಂ. ಕೂಡಿದರೆ 380 ದಾಟಿತು. ಒಂದು ಗ್ರಾಂ ಕಾರ್ಬಿಗೆ 4 ಕ್ಯಾಲೊರಿ, ಅಂದರೆ 1500 ಕ್ಯಾಲೊರಿ. ಬೇಳೆ, ಹಾಲು, ಎಣ್ಣೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕೂತು ಕೆಲಸ ಮಾಡುವ ಮನುಷ್ಯನಿಗೆ ಇಡೀ ದಿನಕ್ಕೆ ಬೇಕಾಗುವುದೇ ಹೆಚ್ಚುಕಡಿಮೆ 2000 ಕ್ಯಾಲೊರಿ.

ಇದು ನಮ್ಮೂರಿನದಷ್ಟೇ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಅಧ್ಯಯನದ 2025ರ ವರದಿ ಭಾರತೀಯರು ದಿನದ ಕ್ಯಾಲೊರಿಯಲ್ಲಿ ಶೇ 62ರಷ್ಟನ್ನು ಕಾರ್ಬಿನಿಂದಲೇ ಪಡೆಯುತ್ತಾರೆ ಎಂದಿತು. ಕರ್ನಾಟಕದಲ್ಲಿ ನೂರು ಹೆಂಗಸರಲ್ಲಿ ಸುಮಾರು 30 ಮಂದಿ, ಗಂಡಸರಲ್ಲೂ ಅಷ್ಟೇ ಮಂದಿ, ಇರಬೇಕಾದ್ದಕ್ಕಿಂತ ಹೆಚ್ಚು ತೂಕದವರು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಲೆಕ್ಕ ಕೊಟ್ಟಿದೆ. ದಪ್ಪಗಾಗುವುದು ಪೇಟೆ ಸಾಹುಕಾರರ ಕಾಯಿಲೆ ಎನ್ನುವ ಕಾಲ ಮುಗಿಯಿತು.

ಆ 2025ರ ವರದಿಯಲ್ಲಿ ನಮ್ಮ ಸೀಮೆಯವರು ಕಿವಿಗೊಟ್ಟು ಕೇಳಬೇಕಾದ ಮಾತೊಂದಿದೆ. ಅಕ್ಕಿ ಬಿಟ್ಟು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟಿಗೆ ಬದಲಾದರಷ್ಟೇ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವುದು ಕಾಣಲಿಲ್ಲವಂತೆ. ಒಟ್ಟು ಕಾರ್ಬ್ ಇಳಿದು, ಆ ಜಾಗಕ್ಕೆ ಕಾಳು, ಹಾಲು–ಮೊಸರು, ಮೊಟ್ಟೆ, ಮೀನಿನಂಥ ಪ್ರೋಟೀನು ಬಂದಾಗ ಅಪಾಯ ಕಡಿಮೆ ಕಂಡಿತು. ‘ನಾವು ಜೋಳದ ರೊಟ್ಟಿ ತಿನ್ನೋ ಮಂದಿ, ನಮಗೇನ್ ಶುಗರ್ ಬರ್ತದ’ ಎನ್ನುವವರು ಪ್ರತಿ ಕಟ್ಟೆಯ ಮೇಲೂ ಇದ್ದಾರೆ. ಜೋಳ ಒಳ್ಳೆಯದೇ. ಅದರಲ್ಲಿ ನಾರು 100 ಗ್ರಾಂಗೆ 10 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಪ್ರೋಟೀನೂ ಅಕ್ಕಿಗಿಂತ ಜಾಸ್ತಿ. ರೊಟ್ಟಿಯನ್ನು ಅಗಿಯಬೇಕು, ಆದ್ದರಿಂದ ಬೇಗ ಸಾಕೆನಿಸುತ್ತದೆ. ಅನ್ನ–ಸಾರು ಹಾಗೇ ಜಾರಿ ಹೋಗುತ್ತದೆ. ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾವು ರೊಟ್ಟಿಯನ್ನೇ ಉಳಿಸಿಕೊಳ್ಳುತ್ತೇವೆ. ಆದರೂ ಆರು ರೊಟ್ಟಿ ಆರು ರೊಟ್ಟಿಯೇ. ಜೋಳದ್ದು ಎಂದು ಲೆಕ್ಕ ಬಿಡುವುದಿಲ್ಲ. ಬೆಲ್ಲದ ಚಾ ಕುಡಿದು ಸಕ್ಕರೆ ಬಿಟ್ಟೆ ಎನ್ನುವವರಿಗೂ ಇದೇ ಉತ್ತರ.

ಈಗ ಕೀಟೋ ವಿಚಾರಕ್ಕೆ ಬರೋಣ. ಇದು ತೂಕ ಇಳಿಸಲು ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಅಮೆರಿಕದ ವೈದ್ಯರು ಮೂರ್ಛೆ ರೋಗದ ಮಕ್ಕಳಿಗಾಗಿ ಇದನ್ನು ಬಳಸಿದರು. ಹೊಟ್ಟೆ ಇಳಿಸಲು ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಡಿ ಎಂದು ಅದಕ್ಕೂ ಮೊದಲೇ, 1863ರಲ್ಲಿ, ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಪುಸ್ತಿಕೆ ಬರೆದಿದ್ದ. ಆತನ ಕಸುಬು ಶವಸಂಸ್ಕಾರದ ಏರ್ಪಾಡು ಮಾಡುವುದು! ಅಂದರೆ ಫೋನಿನಲ್ಲಿ ‘ಹೊಸ ರಹಸ್ಯ’ ಎಂದು ಮಾರುತ್ತಿರುವುದಕ್ಕೆ ನೂರಾ ಅರವತ್ತು ವರ್ಷ ವಯಸ್ಸಾಗಿದೆ.

ಕೀಟೋದಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬ್ ಮಾತ್ರ. ನಮ್ಮ ಒಂದು ರೊಟ್ಟಿಯಲ್ಲೇ 34 ಗ್ರಾಂ ಇದೆ. ದಿನಕ್ಕೆ ಒಂದು ರೊಟ್ಟಿ, ಅನ್ನ ಇಲ್ಲ, ಕಾಳೂ ಇಲ್ಲ, ಹಣ್ಣೂ ಇಲ್ಲ. ಎಷ್ಟು ದಿನ ನಡೆಯುತ್ತದೆ? ಮೊದಲ ವಾರ ಎರಡು ಮೂರು ಕೆಜಿ ಇಳಿಯುವುದು ನಿಜ. ಅದರಲ್ಲಿ ಹೆಚ್ಚಿನ ಪಾಲು ನೀರು. ಮೈಯಲ್ಲಿ ಕೂಡಿಟ್ಟ ಪಿಷ್ಟ ತನ್ನ ತೂಕದ ಮೂರು ಪಟ್ಟು ನೀರು ಹಿಡಿದಿರುತ್ತದೆ. ಪಿಷ್ಟ ಖಾಲಿಯಾದರೆ ನೀರೂ ಹೋಗುತ್ತದೆ. ಮತ್ತೆ ಅನ್ನ ಉಂಡ ವಾರದಲ್ಲಿ ಅದು ವಾಪಸು ಬರುತ್ತದೆ. ಚಾರ್ಟು ಮಾರುವವರು ಆ ಮೊದಲ ವಾರದ ಫೋಟೋ ಹಾಕುತ್ತಾರೆ, ಒಂದು ವರ್ಷದ ಮೇಲಿನ ಫೋಟೋ ಹಾಕುವುದಿಲ್ಲ.

ಒಂದು ವರ್ಷದ ಲೆಕ್ಕ ಇಟ್ಟವರೂ ಇದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಾರ್ಬ್ ಕಡಿಮೆ, ಇನ್ನೊಂದಕ್ಕೆ ಕೊಬ್ಬು ಕಡಿಮೆ ಊಟ ಹೇಳಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ಇದು: ಹನ್ನೆರಡು ತಿಂಗಳಿಗೆ ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕೆಜಿ, ಕೊಬ್ಬು ಕಡಿಮೆ ಮಾಡಿದವರು 5.3 ಕೆಜಿ ಇಳಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ಗುಂಪಿಗೆ ಹೇಳಿದ ಒಂದು ಮಾತು ಮಾತ್ರ ಒಂದೇ ಆಗಿತ್ತು: ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ, ಮನೆಯಲ್ಲಿ ಮಾಡಿದ್ದನ್ನು ತಿನ್ನಿ. ಎರಡೂ ಗುಂಪಿನಲ್ಲಿ ಕೆಲವರು ಇಪ್ಪತ್ತು ಕೆಜಿಗಿಂತ ಹೆಚ್ಚು ಇಳಿದರು, ಕೆಲವರು ಏರಿದರು. ಹಾಗಾದರೆ ವರ್ಷಕ್ಕೆ ಆರು ಕೆಜಿ, ಅಂದರೆ ತಿಂಗಳಿಗೆ ಅರ್ಧ ಕೆಜಿ. ‘30 ದಿನದಲ್ಲಿ 10 ಕೆಜಿ’ಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ನಾವು ಹೇಳುವ ಊಟಕ್ಕೆ ಹೊಸ ಹೆಸರು ಬೇಡ. ಊಟಕ್ಕೆ ಕೂತಾಗ ರೊಟ್ಟಿ ಅಥವಾ ಅನ್ನ, ಎರಡರಲ್ಲಿ ಒಂದು. ಮಧ್ಯಾಹ್ನ ಎರಡು ರೊಟ್ಟಿ, ರಾತ್ರಿ ಒಂದು ರೊಟ್ಟಿ. ಅನ್ನ ಬಿಟ್ಟರೆ ನಿದ್ದೆ ಬರುವುದಿಲ್ಲ ಎನ್ನುವವರಿಗೆ ದಿನದಲ್ಲಿ ಒಂದೇ ಸಲ, ಒಂದು ಸಣ್ಣ ಬಟ್ಟಲು, ಕೊನೆಯಲ್ಲಿ ಮಜ್ಜಿಗೆ ಜೊತೆ. ಖಾಲಿಯಾದ ಜಾಗಕ್ಕೆ ಏನು ಬರಬೇಕು ಎನ್ನುವುದೇ ಮುಖ್ಯ, ಯಾಕೆಂದರೆ ಬರೀ ಕಡಿಮೆ ಮಾಡಿದವರು ಸಂಜೆ ಐದಕ್ಕೆ ಮಿರ್ಚಿ ಬಂಡಿಯ ಮುಂದೆ ಸಿಗುತ್ತಾರೆ. ಆ ಜಾಗಕ್ಕೆ ಕಾಳು ಪಲ್ಯ ಎರಡು ಪಟ್ಟು. ಹೆಸರು, ಮಡಕೆ, ಹುರುಳಿ, ಅಲಸಂದೆ, ಕಡಲೆ, ಯಾವುದಾದರೂ. ಸೊಪ್ಪು ಪಲ್ಯ ಮತ್ತೊಂದು. ಪುಂಡಿ ಪಲ್ಯ, ಮೆಂತ್ಯೆ, ರಾಜಗಿರಿ. ಬದನೆಕಾಯಿ ಎಣ್ಣೆಗಾಯಿ ಮಾಡಿದರೆ ಎಣ್ಣೆ ನೋಡಿಕೊಂಡು ಹಾಕಿ. ಕಡಲೆ ಹಿಟ್ಟಿನ ಜುಣಕ ಒಳ್ಳೆಯ ಪ್ರೋಟೀನು. ತಿನ್ನುವವರಿಗೆ ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ, ಆ ಬೆಲೆಗೆ ಅಷ್ಟು ಕೊಡುವುದು ಹೆಚ್ಚೇನಿಲ್ಲ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇರಲಿ, ಆದರೆ ಶೇಂಗಾದಲ್ಲಿ ಕೊಬ್ಬು ಶೇ 40ರ ಹತ್ತಿರ. ಒಂದು ಹಿಡಿ ಸಾಕು, ಒಂದು ಸೇರು ಬೇಡ.

ಈ ಊಟದ ಲೆಕ್ಕ ಹಾಕಿದರೆ ಮೂರು ರೊಟ್ಟಿಗೆ 102 ಗ್ರಾಂ, ಸಣ್ಣ ಬಟ್ಟಲು ಅನ್ನಕ್ಕೆ 39, ಕಾಳು–ಬೇಳೆಯಿಂದ 45ರಷ್ಟು, ತರಕಾರಿ, ಹಾಲು, ಶೇಂಗಾದ್ದು 35, ಒಂದೊಂದೇ ಚಮಚ ಸಕ್ಕರೆಯ ಎರಡು ಚಾ 10. ಒಟ್ಟು 230ರ ಸುಮಾರು. 1800 ಕ್ಯಾಲೊರಿಯ ದಿನದಲ್ಲಿ ಇದು ಅರ್ಧದಷ್ಟಾಯಿತು. ಪುಸ್ತಕದ ಪ್ರಕಾರ ‘ಲೋ ಕಾರ್ಬ್’ ಎಂದರೆ ದಿನಕ್ಕೆ 130 ಗ್ರಾಂಗಿಂತ ಕಡಿಮೆ, ಆದ್ದರಿಂದ ಇದನ್ನು ಆ ಹೆಸರಿನಿಂದ ಕರೆಯಲಾಗದು. ಆದರೆ ನಮ್ಮ ಈಗಿನ ತಟ್ಟೆಯಿಂದ 150 ಗ್ರಾಂ ಹೋಯಿತಲ್ಲ, ಅದು ಸಣ್ಣದಲ್ಲ. ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಮಾರ್ಗಸೂಚಿ ಕೂಡ ಇದೇ ದಿಕ್ಕು ತೋರಿಸುತ್ತದೆ. 2000 ಕ್ಯಾಲೊರಿಯ ದಿನಕ್ಕೆ ಅಕ್ಕಿ, ಜೋಳ, ಗೋಧಿ ಎಲ್ಲ ಸೇರಿ 250 ಗ್ರಾಂ, ಕಾಳು–ಬೇಳೆ 85 ಗ್ರಾಂ, ತರಕಾರಿ 400 ಗ್ರಾಂ, ಹಾಲು 300 ಮಿಲಿ.

ಬೆಳಿಗ್ಗೆ ಏನು ಎಂಬುದು ಕಷ್ಟದ ಪ್ರಶ್ನೆ. ಒಗ್ಗಾಣಿ–ಮೆಣಸಿನಕಾಯಿ ಬಿಡಿ ಎಂದರೆ ಬಳ್ಳಾರಿ ಜಿಲ್ಲೆಯಲ್ಲಿ ನಮ್ಮನ್ನು ಯಾರೂ ಮನೆಗೆ ಸೇರಿಸುವುದಿಲ್ಲ. ವಾರಕ್ಕೊಂದು ಸಲ ಇರಲಿ, ಭಾನುವಾರ. ಉಳಿದ ದಿನ ಮೊಳಕೆ ಹೆಸರಿನ ಉಸಳಿ, ಹೆಸರುಬೇಳೆ ದೋಸೆ, ಅಥವಾ ಎರಡು ಮೊಟ್ಟೆ ಮತ್ತು ರಾತ್ರಿಯ ಒಂದು ಖಡಕ್ ರೊಟ್ಟಿ. ಅದಿರು ಲಾರಿಯವರಿಗೆ ಖಡಕ್ ರೊಟ್ಟಿ ಇನ್ನೂ ಅನುಕೂಲ. ಬುತ್ತಿಯಲ್ಲಿ ಎರಡು ದಿನವಾದರೂ ಕೆಡುವುದಿಲ್ಲ. ಜೊತೆಗೆ ಬೇಯಿಸಿದ ಮೊಟ್ಟೆ, ಒಂದು ಹಿಡಿ ಹುರಿಗಡಲೆ. ಢಾಬಾದಲ್ಲಿ ನಿಲ್ಲಿಸಿದರೂ ಪಲ್ಯ, ದಾಲ್ ಮಾತ್ರ ಕೇಳಿದರಾಯಿತು. ಕಂಪ್ಲಿ, ಕಮಲಾಪುರದ ಬಾಳೆಹಣ್ಣು ಊಟದ ಮೇಲೆ ಎರಡು ತಿನ್ನುವ ಅಭ್ಯಾಸ ಇದ್ದರೆ ಅರ್ಧ ರೊಟ್ಟಿ ಕಡಿಮೆ ಮಾಡಿ, ಹಣ್ಣೂ ಒಂದಕ್ಕೆ ಇಳಿಸಿ. ಹೋಳಿಗೆಯ ದಿನ ಹೋಳಿಗೆ ತಿನ್ನಿ. ಆ ದಿನ ಅನ್ನ ಮುಟ್ಟಬೇಡಿ, ಮರುದಿನ ಮತ್ತೆ ಇದೇ ಊಟ. ಹಬ್ಬ ಕೆಟ್ಟಿತೆಂದು ಇಡೀ ತಿಂಗಳು ಕೈಬಿಡುವವರೇ ಹೆಚ್ಚು, ಸೋಲುವುದು ಅಲ್ಲೇ.

ಇಲ್ಲಿ ಹೆಂಗಸರ ಮಾತು ಎತ್ತಲೇಬೇಕು. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರು? ಪಲ್ಯ ಅಷ್ಟರಲ್ಲಿ ಖಾಲಿ, ಮೊಟ್ಟೆ ಗಂಡನ ತಟ್ಟೆಗೆ, ಮಗನ ತಟ್ಟೆಗೆ ಹೋಗಿರುತ್ತದೆ. ಪಾತ್ರೆಯಲ್ಲಿ ಉಳಿದಿರುವುದು ಅನ್ನ ಮತ್ತು ತಿಳಿ ಸಾರು. ಯಜಮಾನರ ಹೊಟ್ಟೆ ಇಳಿಸುವ ಊಟ ಶುರುವಾದರೆ ಕಾಳು ಅವರಿಗೆ, ಅವರು ಬಿಟ್ಟ ಅನ್ನ ಮನೆಯಾಕೆಗೆ ಎಂದಾಗಬಾರದು. ಗಂಡಸರ ತೂಕ ಇಳಿದು ಹೆಂಗಸರ ಸಕ್ಕರೆ ಏರಿದರೆ ಆ ಮನೆಗೆ ಲಾಭವೇನು? ಒಂದು ಮುಷ್ಟಿ ಕಾಳು ಹೆಚ್ಚಿಗೆ ನೆನೆಹಾಕಿ, ಬಡಿಸುವ ಮೊದಲೇ ಎಲ್ಲರ ಪಾಲು ತೆಗೆದಿಡಿ. ಅದಕ್ಕಿಂತ ಸುಲಭದ್ದು, ಒಟ್ಟಿಗೆ ಕೂತು ಉಣ್ಣಿ.

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಈ ಪ್ಯಾರಾ ಎರಡು ಸಲ ಓದಿ. ಊಟದಲ್ಲಿ ಕಾರ್ಬ್ ಇಳಿಸಿ ಔಷಧ ಮಾತ್ರ ಹಾಗೇ ಇಟ್ಟರೆ ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದು. ಗ್ಲೈಮೆಪಿರೈಡ್‌ನಂಥ ಗುಳಿಗೆಯಲ್ಲೂ ಈ ಅಪಾಯ ಇದೆ. ಬೆವರು, ಕೈ ನಡುಕ, ಕಣ್ಣು ಮಂಜು. ಸ್ಟೇರಿಂಗ್ ಹಿಡಿದಾಗ ಹೀಗಾದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಡಾಪಾಗ್ಲಿಫ್ಲೋಜಿನ್‌ನಂಥ ಗುಳಿಗೆಯವರು ಕೀಟೋ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಕುತ್ತು ಬರಬಹುದು. ಬಿಪಿ ಗುಳಿಗೆಯ ಪ್ರಮಾಣವೂ ತೂಕ ಇಳಿದಂತೆ ಬದಲಾಗಬೇಕಾಗುತ್ತದೆ. ಬಸುರಿ–ಬಾಣಂತಿಯರು, ಮಕ್ಕಳು, ಮೂತ್ರಪಿಂಡದ ತೊಂದರೆ ಇರುವವರು ತಾವಾಗಿಯೇ ಏನೂ ಶುರು ಮಾಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ‘ಅನ್ನ ಅರ್ಧ ಮಾಡ್ತೀನಿ, ಗುಳಿಗಿ ಹೆಂಗ್ ತಗೋಬೇಕು’ ಎಂದು ವೈದ್ಯರನ್ನು ಕೇಳಿ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಅಲ್ಲಿ ಪುಕ್ಕಟೆ.

ತೂಕದ ಯಂತ್ರ ಇಲ್ಲದಿದ್ದರೆ ಚಿಂತೆಯಿಲ್ಲ. ಟೇಲರ್ ಹತ್ತಿರದ ಟೇಪು ಸಾಕು. ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಊಟ ಬದಲಿಸುವ ಕಾಲ ಬಂದಿದೆ. ತಿಂಗಳಿಗೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ. ದಿನಾ ಅಳೆದರೆ ತಲೆ ಕೆಡುತ್ತದೆ.

ಇಷ್ಟನ್ನೂ ಜನರ ನಾಲಿಗೆಯ ಮೇಲೆ ಹೊರಿಸಿ ಸುಮ್ಮನಾಗಲು ನಮಗೆ ಮನಸ್ಸಿಲ್ಲ. 2023ರ ಜುಲೈಯಲ್ಲಿ ಅಕ್ಕಿ ಸಿಗದೆ ಹೆಚ್ಚುವರಿ 5 ಕೆಜಿಗೆ ತಲಾ 170 ರೂಪಾಯಿ ಕೊಟ್ಟ ಸರ್ಕಾರ, 2025ರ ಫೆಬ್ರುವರಿಯಿಂದ ತಲಾ 10 ಕೆಜಿ ಅಕ್ಕಿಯನ್ನೇ ಕೊಟ್ಟಿತು. ಐದು ಜನರ ಮನೆಗೆ ತಿಂಗಳಿಗೆ 50 ಕೆಜಿ, ಅಂದರೆ ಒಬ್ಬರಿಗೆ ದಿನಕ್ಕೆ 330 ಗ್ರಾಂ ಅಕ್ಕಿ. ಎಲ್ಲ ಧಾನ್ಯ ಸೇರಿ 250 ಗ್ರಾಂ ಸಾಕು ಎನ್ನುವುದು ಸರ್ಕಾರದ್ದೇ ಸಂಸ್ಥೆಯ ಮಾತು! ಪುಕ್ಕಟೆ ಅಕ್ಕಿ ಮೂಟೆ ಮನೆಯಲ್ಲಿರುವಾಗ ದುಡ್ಡು ಕೊಟ್ಟು ತೊಗರಿ ತನ್ನಿ ಎಂದರೆ ಕೂಲಿಯವರು ಎಲ್ಲಿಂದ ತರಬೇಕು? ಶಾಲೆಯಲ್ಲಿ ಸರ್ಕಾರ ಒಳ್ಳೆಯ ದಾರಿ ಹಿಡಿದದ್ದೂ ಉಂಟು. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದ ಜಿಲ್ಲೆಗಳಲ್ಲಿ ನಮ್ಮ ಬಳ್ಳಾರಿಯೂ ಒಂದು. ಮಕ್ಕಳಿಗೆ ಕೊಟ್ಟ ಬುದ್ಧಿಯನ್ನು ರೇಷನ್ ಅಂಗಡಿಗೂ ತರಬಹುದಲ್ಲ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ‘ಇಂದಿರಾ ಆಹಾರ ಕಿಟ್’ ಕೊಡುವುದಕ್ಕೆ ಒಪ್ಪಿತು. ತೊಗರಿಬೇಳೆ, ಎಣ್ಣೆ, ಉಪ್ಪು ಇರುವ ಪಟ್ಟಿ ಅದು. ಬೇಳೆಯನ್ನು ನಾವು ಎರಡೂ ಕೈಯಿಂದ ಸ್ವಾಗತಿಸುತ್ತೇವೆ. ಆದರೆ ಅದೇ ಪಟ್ಟಿಯಲ್ಲಿ ಸಕ್ಕರೆಯೂ ಇತ್ತು. ಅದರ ಜಾಗದಲ್ಲಿ ಒಂದು ಕೆಜಿ ಕಡಲೆಯೋ ಹೆಸರೋ ಯಾಕಿರಬಾರದು? ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಎತ್ತಿ, ಠರಾವು ಮಾಡಿಸಿ ತಾಲ್ಲೂಕಿಗೆ ಕಳಿಸಿ. ಯಶವಂತನಗರದ ಗೆಳೆಯರಿಗೆ ನಾವು ಈಗಾಗಲೇ ಹೇಳಿದ್ದೇವೆ.